ಏಳು ಪೆಟ್ಟಿನೊಳಗೆ

ಮುಧೋಳದಲ್ಲಿ ನನ್ನ ತುಂತುಣಿ ಕಳೆದುಕೊಂಡ ಮಧ್ಯಾಹ್ನ ಉರಿ ಬಿಸಿಲಿತ್ತು ಎಂದು ಬರೆದೆ. ಹೊಡೆದು ಹಾಕಿದೆ. ಮೋಡ ಕವಿದಿತ್ತು ಎಂದು ಬರೆದೆ. ಅದನ್ನೂ ಹೊಡೆದು ಹಾಕಿದೆ. ಈ ಸಂಗತಿಯನ್ನು ನಾನು ಬಹಳ ಮಂದಿಗೆ ಹೇಳಿದ್ದೇನೆ. ಕೇಳುವವರ ಮುಖ ನೋಡಿ ಬಿಸಿಲನ್ನೋ ಮೋಡವನ್ನೋ ಸೇರಿಸುವ ಚಾಳಿ ಬಿದ್ದುಬಿಟ್ಟಿದೆ. ಹವೆಯ ಮಾತು ಬಿಡುತ್ತೇನೆ. ಹೋಗುವಾಗ ನನ್ನ ಎಡಗಂಕುಳಲ್ಲಿ ಒಂದು ವಾದ್ಯವಿತ್ತು, ಬರುವಾಗ ಇರಲಿಲ್ಲ. ಅಷ್ಟು ಗೊತ್ತು.

ತುಂತುಣಿ ದೊಡ್ಡ ವಾದ್ಯವೇನಲ್ಲ. ಗೇಣುದ್ದದ ಪೊಳ್ಳು ಮರದ ತುಂಡು, ತಳಕ್ಕೆ ಆಡಿನ ಚರ್ಮ, ಪಕ್ಕಕ್ಕೆ ಬಡಿದ ಬಿದಿರಿನ ಕೋಲು, ಕೋಲಿನ ತುದಿಯಲ್ಲಿ ಬಿರಡೆ, ಬಿರಡೆಯಿಂದ ಚರ್ಮದ ನಡುವಿನವರೆಗೆ ಒಂದೇ ಒಂದು ತಂತಿ. ಹಾಡುವವರ ಹಿಂದೆ ನಿಂತು ತುಂ, ತುಂ ಎನ್ನುವುದಷ್ಟೇ ಅದರ ಕೆಲಸ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಮರವನ್ನು ಕಂಕುಳಲ್ಲಿ ಒತ್ತಿ ಹಿಡಿದು ಕೋಲನ್ನು ಕೂದಲೆಳೆಯಷ್ಟು ಬಾಗಿಸಿದರೆ ತಂತಿ ಸಡಿಲಾಗುತ್ತದೆ. ಸ್ವರ ನಿಂತಲ್ಲಿಂದ ಜಾರುತ್ತದೆ. ಅಳಬಾರದ ಜಾಗದಲ್ಲಿ ಅಳು ಬಂದು, ಅದನ್ನು ನುಂಗಿದಾಗ ಗಂಟಲಲ್ಲಿ ಆಗುತ್ತದಲ್ಲ, ಅಂಥದೊಂದು ಸಪ್ಪಳ. ಅದನ್ನು ನನಗೆ ಯಾರೂ ಕಲಿಸಲಿಲ್ಲ. ನಾನೇ ಕಂಡುಹಿಡಿದೆ ಎನ್ನಲೂ ಧೈರ್ಯವಿಲ್ಲ. ಕೈ ದಣಿದು ಕೋಲು ಬಾಗಿದ್ದಿರಬಹುದು.

ಅದನ್ನು ಮಾಡಿಕೊಟ್ಟವನು ಅಪ್ಪ. ನಾವು ಬನಹಟ್ಟಿಯ ನೇಕಾರರು. ಪ್ಲೇಗು ಬಂದು ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ವರ್ಷ ನನ್ನ ಗಂಡ ತೀರಿಕೊಂಡ. ನಾನು ತವರಿಗೆ ಬಂದು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತತೊಡಗಿದೆ. ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಸುರುಳಿಗೆ ನಮ್ಮಲ್ಲಿ ಕಂಡಿಕೆ ಎನ್ನುತ್ತಾರೆ. ಮುಂಜಾನೆಯಿಂದ ಸಂಜೆಯವರೆಗೆ ಅದೇ ಕೆಲಸ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಸಾವಳಗಿಗೆ ಕೊಟ್ಟವಳು, ಗೀಗೀ ಪದ ಹಾಡುತ್ತಿದ್ದಳು. ಒಂದು ದಿನ ಬಂದು ನನ್ನ ಕೈಬೆರಳು ನೋಡಿದಳು.

"ತಮ್ಮಾ, ಇಕಿ ಬಳ್ಳು ಹಿಂಗ ರಾಟಿಗಿ ಹಾಕಿ ಸವಸ್ತೀಯೇನೋ? ನನ್ನ ಹಿಂದ ತುಂತುಣಿ ಹಿಡಿಯಾಕ ಕೊಡು."

"ಮಂದಿ ಏನಂದಾರು ಬೇ ಅಕ್ಕಾ?"

"ಮಂದಿ ನಿನ್ನ ಸೀರಿ ಉಡತಾರ, ನಿನಗ ಏನಂತಾರ? ಏನರೆ ಅಂದಾರ ಅಂತ ಮಗ್ಗ ಬಿಟ್ಟಿಯೇನು?"

ಬನಹಟ್ಟಿ ಒಂದು ಸಂಸ್ಥಾನದ್ದು, ಕೂಗಿದರೆ ಕೇಳುವಷ್ಟು ಹತ್ತಿರದ ರಬಕವಿ ಇನ್ನೊಂದು ಸಂಸ್ಥಾನದ್ದು. ಅಪ್ಪ ನಕ್ಕು, "ಇಲ್ಲೆ ರಬಕವಿಗಿ ಎಣ್ಣಿ ತರಾಕ ಹೋದ್ರೂ ಪರರಾಜ್ಯಕ್ಕ ಹೋದಂಗ. ಇಕಿ ಮುಧೋಳಕ್ಕ ಹೋದ್ರೇನು, ಮುಂಬೈಕ್ಕ ಹೋದ್ರೇನು" ಅಂದ. ಮುರಿದ ಮಗ್ಗವೊಂದರ ದಿಂಡು ಮೂಲೆಯಲ್ಲಿ ಬಿದ್ದಿತ್ತು. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರ. ಅದರಿಂದ ಒಂದು ತುಂಡು ಕುಯ್ದು, ಒಳಗೆ ಕೊರೆದು ತುಂತುಣಿ ಮಾಡಿದ. ಬಟ್ಟೆಯ ಅಂಚು ಸಿಕ್ಕಿಸಲು ದಿಂಡಿನ ಮೈಮೇಲೆ ಉದ್ದಕ್ಕೆ ಒಂದು ಹಳ್ಳ ಕೊರೆದಿರುತ್ತದೆ. ಅದು ಹಾಗೆಯೇ ಉಳಿಯಿತು. ಹಿಡಿದಾಗ ನನ್ನ ಹೆಬ್ಬೆರಳು ಆ ಹಳ್ಳದಲ್ಲಿ ಹೋಗಿ ಕೂರುತ್ತಿತ್ತು. ಈ ಹಳ್ಳದ ಬಗ್ಗೆ ನನಗೆ ಅನುಮಾನವಿಲ್ಲ. ಹೆಬ್ಬೆರಳಿಗೆ ಇನ್ನೂ ನೆನಪಿದೆ.

ಗೀಗೀ ಪದದಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಒಬ್ಬರು ಪದದಲ್ಲಿ ಪ್ರಶ್ನೆ ಹಾಕಿದರೆ ಇನ್ನೊಬ್ಬರು ಪದದಲ್ಲೇ ಉತ್ತರ ಕೊಡಬೇಕು. ಪ್ರಶ್ನೆ ಮುಗಿದ ಮೇಲೆ ಕೇಳಿದವನು ಚರ್ಮ ಬಿಗಿದ ತನ್ನ ದಪ್ಪಿನ ಮೇಲೆ ನಿಧಾನವಾಗಿ ಏಳು ಪೆಟ್ಟು ಹಾಕುತ್ತಾನೆ. ಅಷ್ಟರೊಳಗೆ ಉತ್ತರದ ಮೊದಲ ಸಾಲು ಬರಬೇಕು. ಬರಬೇಕಾದದ್ದು ಮುಂದೆ ನಿಂತು ದಪ್ಪು ಹಿಡಿದವರ ಬಾಯಿಂದ. ಹಿಂದಿನವರು ಅವರು ಬಿಟ್ಟ ಸಾಲಿನ ಬಾಲ ಹಿಡಿದು ಗೀ ಗೀ ಎನ್ನಬೇಕೇ ಹೊರತು ತಾವಾಗಿ ಬಾಯಿ ತೆಗೆಯುವಂತಿಲ್ಲ. ಸೋತವರು ವಾದ್ಯ ಒಪ್ಪಿಸಬೇಕು. ಒಪ್ಪಿಸಿದವರು ಅಂಥದೇ ಇನ್ನೊಂದನ್ನು ಮಾಡಿಸಿಕೊಂಡು ಮೇಳಕ್ಕೆ ಇಳಿಯುವ ಹಾಗಿಲ್ಲ. ಅದೇ ಊರಲ್ಲಿ, ಅದೇ ಮನುಷ್ಯನನ್ನು ಗೆದ್ದು ಬಿಡಿಸಿಕೊಂಡು ಬರಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಮೀರಿದವರನ್ನೂ ನಾನು ನೋಡಲಿಲ್ಲ.

ಆ ದಿನ ಅತ್ತೆ ಮುಂದೆ, ನಾನು ತುಂತುಣಿ ಹಿಡಿದು ಹಿಂದೆ, ನನ್ನ ಪಕ್ಕದಲ್ಲಿ ತಾಳಕ್ಕೆ ಸಾವಳಗಿಯ ಒಬ್ಬ ಅರೆಗಿವುಡ ಮುದುಕ. ಎದುರಿಗೆ ಮುಧೋಳದ ಹರದೇಶಿಯವನು: ತಲೆಗೆ ಸುತ್ತಿದ ದೊಡ್ಡ ಪಟಗ, ಸಣ್ಣ ಕಣ್ಣು, ಗಂಟಲು ಮಾತ್ರ ಕಂಚು. ನಾವು ನೇಕಾರರ ಊರಿನಿಂದ ಬಂದವರೆಂದು ತಿಳಿದೇ ಇರಬೇಕು, ಅವನು ಮಗ್ಗಕ್ಕೆ ಕೈ ಹಾಕಿದ. ಮಗ್ಗದ ಮೇಲೆ ಬಿಗಿಯಾಗಿ ನಿಂತ ಹಾಸು ಗಂಡು, ಅತ್ತಿಂದಿತ್ತ ಓಡಾಡುವ ಹೊಕ್ಕು ಹೆಣ್ಣು. ನಿಂತವನಿಲ್ಲದೆ ಓಡುವವಳು ಎಲ್ಲಿಗೆ ಓಡಿಯಾಳು, ಹೇಳು ನಾಗೇಶಿ. ಜನ ಹೋ ಎಂದಿತು. ಅವನು ದಪ್ಪು ಎತ್ತಿದ.

ಒಂದು. ಎರಡು.

ಅತ್ತೆ ಸುಮ್ಮನಿದ್ದಳು. ಅವಳ ಬೆನ್ನು ನನ್ನ ಕಣ್ಣೆದುರಿಗಿತ್ತು. ಹಸಿರು ಕುಪ್ಪಸ, ಬೆವರಿಗೆ ಅಂಟಿತ್ತು. (ಬೆವರು ಇದ್ದಮೇಲೆ ಬಿಸಿಲೇ ಇದ್ದಿರಬೇಕು. ಆದರೂ ನಂಬುವುದಿಲ್ಲ. ಹಾಡುವಾಗ ಚಳಿಯಲ್ಲೂ ಬೆವರುತ್ತೇವೆ.) ಮೂರು. ಅತ್ತೆ ಸಾವಳಗಿಯ ಹೊಲ-ಗದ್ದೆಯ ಮನೆಯಲ್ಲಿ ಬಾಳಿದವಳು. ಮಗ್ಗದ ಮನೆ ಬಿಟ್ಟು ನಲವತ್ತು ವರ್ಷವಾಗಿದೆ, ಅವಳಿಗೆ ಹೊಳೆಯುತ್ತಿಲ್ಲ ಎಂದು ನನಗೆ ಅನಿಸಿತು. ನಾಲ್ಕು. ನನಗೆ ಉತ್ತರ ಗೊತ್ತಿತ್ತು. ಗೊತ್ತಿತ್ತು ಎನ್ನುವುದು ಸಣ್ಣ ಮಾತು, ಅದು ನನ್ನ ಉಗುರಿನ ಸಂದಿಯಲ್ಲೇ ಇತ್ತು. ಹಾಸಿನ ಎಳೆ ತಾನಾಗಿ ನಿಲ್ಲುವುದಿಲ್ಲ. ಅದಕ್ಕೆ ಗಂಜಿ ಕುದಿಸಿ, ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಅದು ನಮ್ಮ ಹೆಂಗಸರ ಕೆಲಸ. ಐದನೆಯ ಪೆಟ್ಟಿಗೆ ನನ್ನ ಬಾಯಿ ತೆರೆಯಿತು:

"ನಿನ್ನ ಹಾಸು ನಿಂತದ್ದು ನನ್ನ ಗಂಜಿ ಮ್ಯಾಲೋ ಹರದೇಶಿ, ಗಂಜಿ ತೊಳಿ, ಆಮ್ಯಾಲ ನಿಂತು ತೋರಸೋ!"

ಜನ ಎದ್ದು ಕುಣಿದರು. ಪಟಗ ಹಾರಿದವು. ಒಬ್ಬ ಮುದುಕಿ ನನಗೆ ದೃಷ್ಟಿ ತೆಗೆದು ಲಟಿಕೆ ಮುರಿದಳು. ನಾನು ತಂತಿಯನ್ನು ಜಾರಿಸಿದೆ. ಅಂಥ ಸಪ್ಪಳ ಅದರಿಂದ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಹರದೇಶಿಯವನು ನಗುತ್ತ ಕಾದ. ಗದ್ದಲ ಇಳಿದ ಮೇಲೆ ಅತ್ತೆಗೆ ಕೈ ಮುಗಿದ.

"ಅಕ್ಕಾರ, ಉತ್ತರ ಭಾಳ ಛಲೋ ಐತ್ರಿ. ಆದ್ರ ನಾ ಕೇಳಿದ್ದು ನಿಮ್ಮನ್ನ. ನಿಮ್ಮ ಹಿಂದಿನ ಬಾಯಿನ್ನಲ್ಲ."

ಪಂಚರಾಗಿ ಕೂತ ಐವರು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲೊಬ್ಬ, "ಖರೆ ಐತಿ. ಬಾಲ ಮುಂದ ಬಂದ್ರ ಎತ್ತು ಹೆಂಗ ನಡದೀತು?" ಅಂದ. ಮುಗಿಯಿತು. ದಪ್ಪು ಒಪ್ಪಿಸಲು ಅತ್ತೆ ಮುಂದೆ ಹೋದಳು. ಹರದೇಶಿಯವನು ಬೇಡವೆಂದು ತಲೆಯಾಡಿಸಿ, "ಬಾಯಿ ತೆಗದಾಕಿ ಕೈಯಾಗಿಂದು ಕೊಡ್ರಿ" ಅಂದ.

ನಾನು ಕೊಟ್ಟೆನೋ, ಅತ್ತೆ ನನ್ನ ಕಂಕುಳಿಂದ ತೆಗೆದುಕೊಂಡಳೋ? ಎರಡೂ ನನಗೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ.

ಬರುವ ದಾರಿಯಲ್ಲಿ, ಗಾಡಿ ಮುಧೋಳ ದಾಟಿದ ಮೇಲೆ, ನಾನೇ ಮಾತು ತೆಗೆದೆ.

"ಅತ್ತಿ, ನಿನಗ ಗೊತ್ತಿರಲಿಲ್ಲಲ್ಲಬೇ. ಅದಕ್ಕs ಅಂದ್ನಿ."

ಅತ್ತೆ ಎತ್ತುಗಳ ಬೆನ್ನು ನೋಡುತ್ತ ಹೇಳಿದಳು: "ನಾ ಉಸರ ತಗೊಳಾಕತ್ತಿದ್ನಿ."

ತಾಳದ ಮುದುಕ, "ಏನಂದ್ರಿ?" ಅಂದ.

ಮತ್ತೆ ಕಂಡಿಕೆ. ರಾಟೆಯಿಂದ ಕಂಡಿಕೆಗೆ ಹೋಗುವ ನೂಲನ್ನು ಬೆರಳಿಂದ ಮೀಟುತ್ತಿದ್ದೆ. ತುಂ ಎನ್ನುತ್ತಿರಲಿಲ್ಲ, ಹರಿಯುತ್ತಿತ್ತು. ಅಪ್ಪ, "ನೂಲ ಹರಿಬ್ಯಾಡ, ಬೇಕಾರ ಇನ್ನೊಂದು ಮಾಡಿಕೊಡ್ತೇನಿ. ದಿಂಡಿನ ತುಂಡು ಇನ್ನೂ ಉಳದೈತಿ" ಎಂದ. ಮಾಡಿಸಿಕೊಂಡರೆ ಮನೆಯಲ್ಲಿ ಬಾರಿಸಬಹುದು, ಮೇಳದಲ್ಲಿ ಅಲ್ಲ. ಮನೆಯಲ್ಲಿ ಬಾರಿಸುವ ತುಂತುಣಿ ಯಾರಿಗೆ ಬೇಕು? ಬೇಡ ಎಂದೆ. ಹಟ ಎಂದು ಕರೆದರು. ಹಟ ಎನ್ನುವುದಕ್ಕಿಂತ ಅದು ತುರಿಕೆ. ಕೈ ಕೂತಲ್ಲಿ ಕೂರುತ್ತಿರಲಿಲ್ಲ.

ಅತ್ತೆ ನನ್ನನ್ನು ಬಿಡಲಿಲ್ಲ. ವಾದ್ಯವಿಲ್ಲದೆ ಬರೀ ದನಿ ಕೂಡಿಸಲು ಕರೆದೊಯ್ಯುತ್ತಿದ್ದಳು. ಬೀಳಗಿಯಲ್ಲಿ ಒಂದು ಸಂಜೆ, ಅದು ಇಂಗ್ರೇಜಿ ಸರಕಾರದ ಊರು, ಪದದ ನಡುವೆ ಅವಳ ಗಂಟಲು ಒಡೆಯಿತು. ಒಡೆದ ಮಡಕೆಯಿಂದ ನೀರು ಸೋರಿದ ಹಾಗೆ ಗಾಳಿ ಮಾತ್ರ ಬಂತು. ಅವಳು ತಿರುಗಿ ದಪ್ಪನ್ನು ನನ್ನ ಎದೆಗೆ ಒತ್ತಿದಳು. "ತಗೋ. ಮುಂದ ನಿಂತs ಬಾಯಿ ತಗಿ" ಅಂದಳು. ಬೈಗುಳವೋ, ಆಶೀರ್ವಾದವೋ, ಕೇಳುವಷ್ಟು ಹೊತ್ತಿರಲಿಲ್ಲ. ಹಾಡಿದೆ.

ಅಲ್ಲಿಂದ ನಾನು ಮುಂದಿನವಳು. ಜಮಖಂಡಿ, ತೇರದಾಳ, ಕೃಷ್ಣೆಯ ದಂಡೆಯ ಹಳ್ಳಿಗಳು. ಮೂರು ದಿನ ಒಂದು ಊರಲ್ಲಿ ನಿಂತರೆ ನಾಲ್ಕನೆಯ ದಿನ ನನಗೆ ಮೈ ಪರಚುವಂತಾಗುತ್ತಿತ್ತು. ನನ್ನ ಹಿಂದೆ ಬೇರೆ ಯಾರೋ ತುಂತುಣಿ ಹಿಡಿದು ನೆಟ್ಟಗೆ, ಸತ್ತ ಹಾಗೆ, ತುಂ ತುಂ ಎನ್ನುತ್ತಿದ್ದರು. ತಿರುಗಿ ಕಸಿದುಕೊಳ್ಳಬೇಕು ಅನಿಸುತ್ತಿತ್ತು. ಒಮ್ಮೆ ಜಮಖಂಡಿಯಲ್ಲಿ, ಸಂತೆಯ ದಿನ, ಮಂದಿಯ ಆಚೆ ಹರದೇಶಿಯವನ ಮೇಳ ಹಾಡುತ್ತಿತ್ತು. ನನಗೆ ಕಂಡದ್ದು ಅವರ ಪಟಗಗಳು ಮಾತ್ರ. ಆದರೆ ಕೇಳಿದ್ದು ನನ್ನದೇ ತುಂತುಣಿ. ಆಣೆ ಮಾಡಿ ಹೇಳುತ್ತಿದ್ದೆ ಆಗ. ಈಗ ಆಣೆ ಮಾಡುವುದಿಲ್ಲ. ಒಂದೇ ತಂತಿಯ ವಾದ್ಯಗಳು ದೂರದಿಂದ ಎಲ್ಲವೂ ಒಂದೇ.

ವರ್ಷಕ್ಕೊಮ್ಮೆ ಅವನಿಗೆ ಹೇಳಿಕಳಿಸುತ್ತಿದ್ದೆ: ಮುಧೋಳಕ್ಕೆ ಬರುತ್ತೇನೆ, ಎದುರಿಗೆ ನಿಲ್ಲು. ಅವನಿಂದ ವರ್ಷಕ್ಕೊಂದು ನೆಪ ಬರುತ್ತಿತ್ತು. ಒಮ್ಮೆ ಗಂಟಲು ಬೇನೆ, ಒಮ್ಮೆ ಮಗಳ ಬಾಣಂತನ, ಒಮ್ಮೆ "ದಪ್ಪು ಹಿಡದಾಕಿಗಿ ತುಂತುಣಿ ಯಾಕ ಬೇಕಂತ?" ಆ ವರ್ಷಗಳಲ್ಲೆಲ್ಲ ನಾನು ಗಂಜಿಯ ಪದವನ್ನೇ ಮಸೆಯುತ್ತಿದ್ದೆ. ಅವನು ಮತ್ತೆ ಮಗ್ಗದ ಪ್ರಶ್ನೆ ಕೇಳಿದರೆ ಹೇಳಲು ಹನ್ನೆರಡು ನುಡಿ ಕಟ್ಟಿ ಇಟ್ಟುಕೊಂಡಿದ್ದೆ.

ನಡುವೆ ಪ್ಲೇಟಿನ ಸಂಗತಿ. ಗ್ರಾಮೋಫೋನಿಗೆ ಹಾಡು ತುಂಬಿಕೊಳ್ಳುವ ಒಬ್ಬ ಮನುಷ್ಯ ಜಮಖಂಡಿಗೆ ಬಂದು ಒಂದು ಮನೆ ಹಿಡಿದಿದ್ದ. ಬಾಗಿಲು ಕಿಟಕಿಗೆಲ್ಲ ಹೊದೆಯುವ ಕೌದಿ ತೂಗುಹಾಕಿದ್ದ. ಆ ಸೆಕೆಯಲ್ಲಿ ನಿಂತು ದಪ್ಪು ಹಿಡಿದು ಹಾಡಿದೆ. ಎದುರಿಗೆ ಕೇಳುವವನಿಲ್ಲ. ಪ್ರಶ್ನೆಯನ್ನೂ ನಾನೇ ಹಾಡಬೇಕು, ಉತ್ತರವನ್ನೂ ನಾನೇ. ಪ್ರಶ್ನೆ ಮುಗಿಸಿ, ಉತ್ತರ ಎತ್ತುವ ಮೊದಲು ನಿಂತೆ. ಆ ಮನುಷ್ಯ ಗಾಬರಿಯಾಗಿ ಎರಡೂ ಕೈ ಬೀಸಿ ಯಂತ್ರ ನಿಲ್ಲಿಸಿದ.

"ಯಾಕ್ರಿ ಅಕ್ಕಾರ, ಮರತ್ರ್ಯಾ?"

"ಉಸರ ತಗೊಳಾಕತ್ತಿದ್ನಿರಿ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅದು ಅತ್ತೆಯ ಮಾತು. ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಜನ ಇನ್ನೊಂದು ಪೆಟ್ಟು ಕಾಯಲಿ, ಇನ್ನೊಂದು ಕಾಯಲಿ ಎಂದು ಹಿಡಿದಿಟ್ಟಿದ್ದೆ, ಅಷ್ಟೇ. ಹಾಗಾದರೆ ಅತ್ತೆಯೂ ಅಂದು ಹಿಡಿದಿಟ್ಟಿದ್ದಳು. ನಾನು ಅವಳ ಉಸಿರಿನೊಳಗೆ ನುಗ್ಗಿ ಅವಳನ್ನು ಸೋಲಿಸಿದ್ದೆ. ಆ ಮನುಷ್ಯ, "ನಡುವ ನಿಲ್ಲಬ್ಯಾಡ್ರಿ, ಪ್ಲೇಟ ಖಾಲಿ ಹೋಗ್ತೈತಿ" ಎಂದ. ಎರಡನೆಯ ಸಲ ನಿಲ್ಲದೆ ಹಾಡಿದೆ. ಆ ಪ್ಲೇಟನ್ನು ಆಮೇಲೆ ಒಂದೇ ಸಲ ಕೇಳಿದೆ. ಉಸಿರಿಲ್ಲದ ಹೆಂಗಸೊಬ್ಬಳು ಓಡುತ್ತ ಹಾಡುತ್ತಿದ್ದಳು.

ಸಾವಳಗಿಗೆ ಹೋಗಿ ಅತ್ತೆಯ ಕಾಲು ಹಿಡಿದು ತಪ್ಪಾಯಿತು ಅಂದೆ. ಅವಳು ಶೇಂಗಾ ಒಡೆಯುತ್ತ ಕೂತಿದ್ದಳು.

"ಯಾವುದು ತಪ್ಪು?"

"ಮುಧೋಳದಾಗ. ನೀ ಉಸರ ತಗೊಳಾಕತ್ತಿದ್ದಿ."

"ಹಂಗ ಅಂದಿದ್ನೇನು?" ಅಂದಳು. ಒಂದು ಕಾಳು ಬಾಯಿಗೆ ಹಾಕಿಕೊಂಡಳು.

ಸಂಸ್ಥಾನಗಳು ಮುಗಿದ ವರ್ಷ ಹರದೇಶಿಯವನೇ ಹೇಳಿಕಳಿಸಿದ. ಕಚೇರಿಗಳ ಹಲಗೆಗಳನ್ನು ಕಿತ್ತು ಹೊಸ ಹಲಗೆ ಬಡಿಯುತ್ತಿದ್ದ ದಿನಗಳು. ಯಾವ ಊರು ಯಾವ ಜಿಲ್ಲೆಗೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸುದ್ದಿ ತಂದವನು ಅವನ ಮಾತನ್ನು ಅವನದೇ ರಾಗದಲ್ಲಿ ಹೇಳಿದ: "ರಾಜರs ರಾಜ್ಯ ಬಿಟ್ಟುಕೊಟ್ಟಾರ, ನನಗೊಂದು ತುಂತುಣಿ ದೊಡ್ಡದೇನು? ಆದ್ರ ಪುಕ್ಕಟ ಕೊಡೂದಿಲ್ಲ. ಬಂದು ಗೆದ್ದು ಒಯ್ಯಿ ಅನ್ನು."

ತಾಳದ ಮುದುಕ ತೀರಿಕೊಂಡಿದ್ದ. ಅತ್ತೆ ತಾನೇ ತಾಳ ಹಿಡಿಯುತ್ತೇನೆ ಎಂದು ಹಟ ಮಾಡಿ ಗಾಡಿ ಹತ್ತಿದಳು. ದನಿಯಿಲ್ಲ, ಹಲ್ಲಿಲ್ಲ, ಕೈ ಮಾತ್ರ ಗಟ್ಟಿ. ದಾರಿಯುದ್ದಕ್ಕೂ ಗಂಜಿಯ ನುಡಿಗಳನ್ನು ಗುನುಗುತ್ತ ಹೋದೆ. ಅವಳು ತಾಳವನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು.

ಮುಧೋಳದ ಅದೇ ಬಯಲು. ಅದೇ ಎನ್ನುತ್ತಾರೆ, ನನಗೆ ಸಣ್ಣದಾಗಿ ಕಂಡಿತು. ಪಂಚರಲ್ಲಿ ಹಳಬ ಒಬ್ಬನೇ ಉಳಿದಿದ್ದ. ಹರದೇಶಿಯವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವನ ಹಿಂದೆ, ಚಾಪೆಯ ಮೇಲೆ, ಬಟ್ಟೆ ಮುಚ್ಚಿ ಏನನ್ನೋ ಇಟ್ಟಿದ್ದರು. ನಾಲ್ಕು ಪದ ಅತ್ತ ಇತ್ತ ಆದವು. ಐದನೆಯದಕ್ಕೆ ಅವನು ಮಗ್ಗಕ್ಕೆ ಬರುತ್ತಾನೆಂದು ಕಾದೆ. ಅವನು ಹೊಳೆಗೆ ಬಂದ. ಹೊಳೆ ಹೆಣ್ಣು, ಒಪ್ಪಿದೆ. ದಂಡೆ ಗಂಡು. ಹಿಡಿದು ನಿಲ್ಲಿಸುವ ದಂಡೆ ಇಲ್ಲದಿದ್ದರೆ ನೀನು ಹೊಳೆಯಲ್ಲ, ಚೆಲ್ಲಿದ ನೀರು. ಹೇಳು ನಾಗೇಶಿ.

ಒಂದು.

ತಲೆಯಲ್ಲಿ ಗಂಜಿ. ಬರೀ ಗಂಜಿ. ಹನ್ನೆರಡು ನುಡಿಯೂ ಒಟ್ಟಿಗೆ ಕುದಿಯುತ್ತಿದ್ದವು. ಎರಡು. ಹೊಳೆ ಎಂದರೆ ಏನೆಂದೇ ಮರೆತುಹೋದಂತೆ ಆಯಿತು. ಮೂರು. ಜನ ಕತ್ತು ಚಾಚಿದರು. ನನ್ನ ಮೌನ ಅವರಿಗೆ ಗತ್ತಿನಂತೆ ಕಂಡಿತ್ತು. ಯಾರೋ "ಕಾಯಸ್ತಾಳ ನೋಡು" ಎಂದು ಪಿಸುಗುಟ್ಟಿದ್ದು ಕೇಳಿತು. ನಾಲ್ಕು. ಹಿಂದೆ ಅತ್ತೆ ಇದ್ದಳು. ಚಿಕ್ಕಪಡಸಲಗಿಯಲ್ಲಿ ಅವಳ ಮಗಳ ಮನೆ, ಕೃಷ್ಣೆಯ ದಂಡೆಯ ಮೇಲೆ. ಹೊಳೆಯ ಬಗ್ಗೆ ಅವಳಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಉತ್ತರ ಅವಳ ಬಾಯಲ್ಲಿ ಇದ್ದೇ ಇರಬೇಕು. ಐದು. ಈಗ ಅವಳು ಬಾಯಿ ತೆಗೆಯುತ್ತಾಳೆ ಎಂದು ನನ್ನ ಬೆನ್ನಿಗೆ ಗೊತ್ತಾಯಿತು. ತೆಗೆಯಲಿ ಎಂದೂ ಬಯಸಿದೆ, ತೆಗೆಯದಿರಲಿ ಎಂದೂ. ಬಂದದ್ದು ತಾಳ. ಕಿಣ್, ಕಿಣ್. ಅವಸರವಿಲ್ಲದೆ, ನಾನು ಹಾಡುತ್ತಿದ್ದೇನೆ ಎಂಬಂತೆ, ಅಂತರ ತಪ್ಪದೆ. ಆರು.

"ದಂಡಿ ಎಲ್ಲೈತಿ ಅಂತ ಮಳಿಗಾಲದಾಗ ಬಂದು ಹೊಳಿನ್ನ ಕೇಳೋ ಹರದೇಶಿ! ಹ್ವಾದ ವರ್ಷ ಅತ್ತಾಗ ಕೂಡ್ರಿಸಿದ್ಲು, ಈ ವರ್ಷ ಇತ್ತಾಗ ಕೂಡ್ರಿಸ್ಯಾಳೋ!"

ಎಲ್ಲಿಂದ ಬಂತೋ ಹೇಳಲಾರೆ. ಬಂದ ಮೇಲೆ ಮಾತ್ರ ಮೊದಲಿಂದ ಇದ್ದ ಹಾಗೆ ಕಂಡಿತು. ಜನ ಎದ್ದರು. ಹರದೇಶಿಯವನು ಮತ್ತೊಂದು ಪ್ರಶ್ನೆ ಹಾಕಲಿಲ್ಲ. ದಪ್ಪು ಕೆಳಗಿಟ್ಟು, "ಏನ್ ಕಾಯಿಸಿದಿ ಬೇ ನನ್ನ! ಆರು ಪೆಟ್ಟು! ಎದಿ ನಿಂತಿತ್ತು" ಎಂದ. ನಾನು ನಕ್ಕೆ. ಆ ನಗು ಸುಳ್ಳು. ಅದನ್ನು ಇಲ್ಲಿ ಬರೆದು ಇಡುತ್ತೇನೆ.

ಅವನು ಬಟ್ಟೆ ಸರಿಸಿ ತುಂತುಣಿ ಕೊಟ್ಟ. ಕಂಕುಳಿಗೆ ಇಟ್ಟುಕೊಂಡೆ. ಹೆಬ್ಬೆರಳು ಹಳ್ಳ ಹುಡುಕಿತು. ಇಲ್ಲ. ಸುತ್ತ ತಿರುಗಿಸಿದೆ. ನುಣ್ಣಗಿನ ಮರ.

"ಇದು ನಂದಲ್ಲ."

"ನಿಂದs ಐತಿ" ಅಂದ ಅವನು. "ಮರ ಸೀಳಿತ್ತು, ಬ್ಯಾರೆ ಹಾಕಿಸಿದೆ. ಚರ್ಮ ಎರಡ ಸಲ ಬದಲಿ ಮಾಡಿದ್ನಿ. ಕೋಲು ನಿಂದು, ಬಿರಡಿ ನಿಂದು."

"ಮರದ ತುಂಡು ಎಲ್ಲೈತಿ?"

"ಒಲಿಗಿ ಹ್ವಾತು ಬೇ. ಹದಿನೈದು ವರ್ಷ ಆತು, ಯಾರ ಇಟಗೋತಾರ?"

ಬಿರಡೆ ನೋಡಿದೆ. ನನ್ನದೇ ಇರಬಹುದು. ಬಿರಡೆಗೆ ಗುರುತೇನಿರುತ್ತದೆ? ನನ್ನ ವಾದ್ಯ ಅವನ ಮನೆಯಲ್ಲಿ ಎಂದೋ ಒಡೆದು, ಇದು ಬೇರೆಯದೇ ಇರಲೂಬಹುದು. ಪಂಚರ ಹಳಬ, "ಗೆದ್ದಿ, ತಗೊಂಡಿ, ನಡಿ" ಎಂದ. ತೆಗೆದುಕೊಂಡೆ. ಅದರಿಂದ ನಾನು ಮತ್ತೆ ತಂತಿ ಹಿಡಿಯುವ ಹಕ್ಕು ಪಡೆದೆ. ಅದಕ್ಕೇ ಹೋಗಿದ್ದೆ.

ಗಾಡಿಯಲ್ಲಿ ಅತ್ತೆ ನನ್ನ ಎದುರಿಗೆ ಕೂತಿದ್ದಳು. ಊರು ಹಿಂದೆ ಬಿದ್ದ ಮೇಲೆ ಕೇಳಿದೆ.

"ಅತ್ತಿ, ಆವತ್ತ ಖರೇನ ಉಸರ ತಗೊಳಾಕತ್ತಿದ್ದ್ಯಾ?"

ಅವಳು ನನ್ನನ್ನು ನೋಡಿದಳು. "ನೀ ಇವತ್ತ ಏನ್ ಮಾಡಾಕತ್ತಿದ್ದಿ?"

ಗಂಜಿ ಕುದಿಯುತ್ತಿತ್ತು ಎಂದು ಹೇಳಬಹುದಿತ್ತು. "ಉಸರ ತಗೊಳಾಕತ್ತಿದ್ನಿ" ಅಂದೆ.

"ಹಾಂ" ಅಂದಳು ಅತ್ತೆ. "ಛಲೋ ತಗೊಂಡಿ."

ಇಷ್ಟು ಬರೆದು ಓದಿದಾಗ ಎರಡು ಮಧ್ಯಾಹ್ನಗಳೂ ಹಾಸು ಹೊಕ್ಕಿನ ಹಾಗೆ ಕೂಡಿಬಂದಿವೆ. ಹಾಗೆ ಕೂಡಿಬರುವುದು ನೇಯ್ದ ಬಟ್ಟೆಯಲ್ಲಿ ಮಾತ್ರ. ಹಾಗಾಗಿ ಪೆಟ್ಟುಗಳ ಲೆಕ್ಕವನ್ನು ನಂಬಬೇಡಿ. ಐದು ನಾಲ್ಕಿರಬಹುದು, ಆರು ಏಳೇ ಇರಬಹುದು. ಗಾಡಿಯಲ್ಲಿ ನಡೆದದ್ದನ್ನು ಮಾತ್ರ ನಂಬಿ. ನಾನು ತಂತಿ ಮೀಟಿದೆ. ಹೆಬ್ಬೆರಳು ಮತ್ತೆ ಮತ್ತೆ ಇಲ್ಲದ ಹಳ್ಳಕ್ಕೆ ಹೋಗಿ ಜಾರಿತು. ಮರವನ್ನು ಕಂಕುಳಲ್ಲಿ ಒತ್ತಿ ಕೋಲನ್ನು ಬಾಗಿಸಿದೆ. ಹೊಸ ಮರ ಬಿರುಸು, ಸ್ವರ ಅರ್ಧಕ್ಕೆ ಜಾರಿ ನಿಂತಿತು.

"ತಂತಿ ಭಾಳ ಬಿಗಿ ಐತಿ, ಇಳಸು" ಎಂದಳು ಅತ್ತೆ.

ಬಿರಡೆ ತಿರುವಿ ಇಳಿಸಿದೆ. ಬನಹಟ್ಟಿ ಬರುವವರೆಗೆ ಇಳಿಸುತ್ತ, ಏರಿಸುತ್ತ, ಇಳಿಸುತ್ತ ಬಂದೆ.